ಸನಾದಿ ಕಾಕಾ ಎಣಿಸಿದ ಉಸಿರು

ಟಾಕೀಸಿನ ಕ್ಯಾಬಿನ್ನಿನಲ್ಲಿ ನಿಂತವನಿಗೆ ಸಿನೆಮಾ ಅರ್ಧ ಮೂಕಿ. ಮಷೀನಿನ ಕಟಕಟ, ಕಾರ್ಬನ್ ಕಡ್ಡಿ ಉರಿಯುವ ಸುಯ್ಯೆನ್ನುವ ಸದ್ದು, ಹೊಗೆ ಎಳೆಯುವ ಫ್ಯಾನು. ಇವುಗಳ ನಡುವೆ ಗೋಡೆಗೆ ಹೊಡೆದ ಸಣ್ಣ ಸ್ಪೀಕರಿನ ಮಾತು ಕಿವಿಗೆ ಬಿದ್ದರೆ ಬಿತ್ತು. ಗೇಣಗಲದ ಕಿಂಡಿಗೆ ಕಣ್ಣಿಟ್ಟು, ಕಡ್ಡಿ ಸವೆದಂತೆ ಮುಂದೆ ಸರಿಸುತ್ತ, ಪರದೆ ಹಳದಿಗೆ ತಿರುಗದಂತೆ ಕಾಯುವುದು ನಮ್ಮ ಕೆಲಸವಾಗಿತ್ತು. ಒಂದು ಚಿತ್ರ ಮೂರು ವಾರ ನಡೆದರೆ ಅದೇ ಮುಖವನ್ನು ಅರವತ್ತು ಸಲ ನೋಡುತ್ತಿದ್ದೆವು. ಮಾತು ಬಾಯಿಪಾಠವಾಗಿ ಸತ್ತುಹೋದ ಮೇಲೂ ಜೀವಂತ ಉಳಿಯುವ ಮುಖ ಯಾವುದು ಎಂಬುದು ಆ ಕಿಂಡಿಯಲ್ಲಿ ಗೊತ್ತಾಗುತ್ತಿತ್ತು. ಜಗತ್ತಿನ ಶ್ರೇಷ್ಠ ನಟನೆ ಯಾವುದು ಎಂದು ಯಾರಾದರೂ ಮಾತು ತೆಗೆದರೆ ನಾನು ಆ ಕಿಂಡಿಯಿಂದಲೇ ಹೇಳಬೇಕು.

ನಾನು ಬಿಜ್ಜರಗಿಯವ. ಈಗ ನಮ್ಮದು ತಿಕೋಟಾ ತಾಲೂಕು, ಸುತ್ತಮುತ್ತ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು. ನಾನು ಹುಡುಗನಾಗಿದ್ದಾಗ ವಿಜಾಪುರ ತಾಲೂಕು, ಮಳೆ ಆದರೆ ಬಿಳಿಜೋಳ, ಆಗದಿದ್ದರೆ ಬರಿ ಎರೆಮಣ್ಣು. 1972ರ ಬರದಲ್ಲಿ ಎತ್ತು ಮಾರಿದ ಮೇಲೆ ಹೊಲದಲ್ಲಿ ನನಗೆ ಕೆಲಸ ಉಳಿಯಲಿಲ್ಲ. ಹದಿನೇಳನೆಯ ವಯಸ್ಸಿಗೆ ವಿಜಾಪುರಕ್ಕೆ ಬಂದು ಒಂದು ಟಾಕೀಸಿನಲ್ಲಿ ರೀಲು ಸುತ್ತುವ ಹುಡುಗನಾಗಿ ಸೇರಿದೆ. ಊರ ಕಡೆ ಟೆಂಟ್ ಸಿನೆಮಾ ನೋಡಿದ್ದೆ. ಅಲ್ಲಿ ಒಂದೇ ಮಷೀನು. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುವುದು, ಲೈಟು ಹಾಕುವುದು, ಶೇಂಗಾ ಮಾರುವವ ಒಂದು ಸುತ್ತು ಬರುವುದು, ಮತ್ತೆ ಕತ್ತಲು. ಟಾಕೀಸಿನಲ್ಲಿ ಎರಡು ಮಷೀನು. ಪರದೆಯ ಬಲ ಮೂಲೆಯಲ್ಲಿ ಚುಕ್ಕೆ ಮಿಂಚಿದ ಕೂಡಲೇ ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು. ಆ ದಾಟಿಸುವಿಕೆ ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

‘ಸನಾದಿ ಅಪ್ಪಣ್ಣ’ ತೆರೆಗೆ ಬಂದದ್ದು 1977ರಲ್ಲಿ. ಕಥೆ ಕೃಷ್ಣಮೂರ್ತಿ ಪುರಾಣಿಕರದು, ಸನಾದಿ ಊದುವವನಾಗಿ ರಾಜಕುಮಾರ್. ಹಿಂದೆ ಕೇಳುವ ಸನಾದಿ ಉಸ್ತಾದ್ ಬಿಸ್ಮಿಲ್ಲಾ ಖಾನರದು. ನಮ್ಮ ಕಡೆ ಸನಾದಿ ಎಂದರೆ ಸಿನೆಮಾದ ವಸ್ತುವಲ್ಲ. ಮದುವೆಯ ಅರಿಷಿಣದಿಂದ ಹಿಡಿದು ದೇವರ ಪಲ್ಲಕ್ಕಿಯವರೆಗೆ ಸನಾದಿ, ಸಂಬಾಳ ಬೇಕೇ ಬೇಕು. ನಮ್ಮ ಓಣಿಯ ಹಿಂದೆಯೇ ಒಬ್ಬರು ಸನಾದಿ ಊದುವವರಿದ್ದರು. ನಾವು ಅವರಿಗೆ ಕಾಕಾ ಎನ್ನುತ್ತಿದ್ದೆವು. ಅವರನ್ನು ಕರೆಯದೆ ನಮ್ಮೂರಲ್ಲಿ ಒಂದು ಅಕ್ಕಿಕಾಳೂ ಬಿದ್ದದ್ದಿಲ್ಲ. ಆದರೆ ಊಟದ ಪಂಕ್ತಿಯಲ್ಲಿ ಅವರಿಗೆ ಕರೆ ಬರುತ್ತಿದ್ದುದು ಕಡೆಗೆ. ಅದು ನನಗೆ ಆಗ ಸಹಜವೆನಿಸಿತ್ತು. ಇವತ್ತು ನೆನೆದರೆ ಸಂಕಟವಾಗುತ್ತದೆ.

ಆ ಚಿತ್ರ ನಮ್ಮ ಟಾಕೀಸಿಗೆ ಬಂದಾಗ ಕಾಕಾನನ್ನು ನಾನೇ ಕರೆಸಿದೆ. ಎರಡನೆಯ ಆಟ. ಅಪ್ಪಣ್ಣ ಸನಾದಿ ಊದುವ ಒಂದು ದೃಶ್ಯದ ನಡುವೆ ಮಷೀನಿನ ಸೌಂಡ್ ಲ್ಯಾಂಪು ಸುಟ್ಟಿತು. ಚಿತ್ರ ಓಡುತ್ತಿದೆ, ದನಿ ಇಲ್ಲ. ಇಂಥ ಹೊತ್ತಿನಲ್ಲಿ ಜನ ಸೀಟಿ ಹೊಡೆಯುತ್ತಾರೆ, ಕುರ್ಚಿ ಬಡಿಯುತ್ತಾರೆ. ಅಂದು ಹಾಗಾಗಲಿಲ್ಲ. ಲ್ಯಾಂಪು ಬಿಚ್ಚಿ ಇನ್ನೊಂದು ಹಾಕುವಷ್ಟು ಹೊತ್ತು, ಒಂದು ನಿಮಿಷಕ್ಕಿಂತ ಕಡಿಮೆ ಇದ್ದೀತು, ಸದ್ದಿಲ್ಲದ ಸನಾದಿಯನ್ನು ಜನ ನೋಡುತ್ತ ಕೂತರು. ನಾನು ಕೈಗೆ ಬಟ್ಟೆ ಸುತ್ತಿಕೊಂಡು ಬಿಸಿ ಲ್ಯಾಂಪು ತಿರುಗಿಸುತ್ತಲೇ ಕಿಂಡಿಗೆ ಇಣುಕಿದೆ. ಬೆರಳು ಆಡುತ್ತಿದ್ದವು, ಹುಬ್ಬು ಏರುತ್ತಿತ್ತು, ಕೊರಳ ನರ ಬಿಗಿಯುತ್ತಿತ್ತು.

ಆಟ ಬಿಟ್ಟ ಮೇಲೆ ಚಹಾದಂಗಡಿ ಮುಂದೆ ಕೇಳಿದೆ, “ಕಾಕಾ, ಹ್ಯಾಂಗಿತ್ತರಿ?”

“ತಮ್ಮಾ, ದನಿ ಹ್ವಾತಲ್ಲ, ಆವಾಗ ಪಕ್ಕಾ ಗೊತ್ತಾತು. ಊದೂದು ಯಾರರೆ ನಟಸ್ತಾರ. ಊದಿ ಮುಗಿಸಿದ ಮ್ಯಾಲ ಉಸರ ತಗೋತಾನ ನೋಡು, ಅದನ್ನ ನಾ ಎಣಿಸೀನಿ. ಎಲ್ಲಿ ತಗೋಬೇಕೋ ಅಲ್ಲೇ ತಗೊಂಡಾನ. ಅಂವ ಯಾರ ಕೂಡರೆ ಕುಂತು ಕಲತಾನ.”

ಆ ಮಾತು ಕೇಳಿದ ದಿನದಿಂದ ನಾನು ನಟರ ಉಸಿರು ನೋಡತೊಡಗಿದೆ. ಮಾತಿಗೆ ಮುಂಚೆ ಎದೆ ಏರುತ್ತದೆಯೇ, ಅತ್ತ ಮೇಲೆ ಉಸಿರು ತುಂಡಾಗುತ್ತದೆಯೇ, ಓಡಿ ಬಂದವನು ನಿಂತ ಮೇಲೂ ಏದುತ್ತಾನೆಯೇ. ಬಹಳ ಮಂದಿ ಇಲ್ಲೇ ಸಿಕ್ಕಿಬೀಳುತ್ತಾರೆ. ಸಿಕ್ಕಿಬೀಳದವರು ಎಲ್ಲಿಂದ ಬಂದವರು ಎಂದು ಹುಡುಕಿದಾಗ ನನಗೆ ಸಿಕ್ಕದ್ದು ಕಂಪನಿ ನಾಟಕದ ಇತಿಹಾಸ.

ಮೈಕು ಇಲ್ಲದ ಕಾಲದಲ್ಲಿ ಕಡೆಯ ಸಾಲಿನ ಚಾಪೆಯವನಿಗೂ ಮಾತು ಮುಟ್ಟಿಸಬೇಕು, ಹಾಡು ಹಾಡಿದ ಬೆನ್ನಿಗೇ ಮಾತು ಎತ್ತಬೇಕು, ರಾತ್ರಿ ಬೆಳಗಾಗುವವರೆಗೆ ಗಂಟಲು ಉಳಿಯಬೇಕು. ಉಸಿರಿನ ಲೆಕ್ಕ ತಪ್ಪಿದವನು ಆ ಹಲಗೆಯ ಮೇಲೆ ಬಾಳುತ್ತಿರಲಿಲ್ಲ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಗುಬ್ಬಿ ವೀರಣ್ಣನವರ ಆ ಗರಡಿಯಲ್ಲಿ ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ನಟರಾಗಿದ್ದರು, ಮಗನೂ ಅಲ್ಲೇ ಬೆಳೆದರು. 1954ರ ‘ಬೇಡರ ಕಣ್ಣಪ್ಪ’ ರಾಜಕುಮಾರ್ ನಾಯಕರಾದ ಮೊದಲ ಚಿತ್ರ. ಅದೂ ರಂಗದ ಮೇಲೆ ಪಳಗಿದ ಕಥೆಯೇ. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಇವರೆಲ್ಲ ಕಂಪನಿಯ ಅನ್ನ ಉಂಡವರು. ಬಾಲಕೃಷ್ಣರಿಗೆ ಕಿವಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ತಮ್ಮ ಮಾತಿನ ಹೊತ್ತು ಹಿಡಿಯುತ್ತಿದ್ದರು. ಇದು ತಿಳಿದ ಮೇಲೆ ಅವರ ಚಿತ್ರ ಬಂದಾಗಲೆಲ್ಲ ನಾನು ಅವರ ಕಣ್ಣು ಹಿಂಬಾಲಿಸುತ್ತಿದ್ದೆ. ನಗಿಸುವ ದೃಶ್ಯದಲ್ಲೂ ಆ ಕಣ್ಣು ಎದುರಿನವರ ಬಾಯಿ ಬಿಟ್ಟು ಅಲುಗುತ್ತಿರಲಿಲ್ಲ. ಕ್ಯಾಬಿನ್ನಿನ ಗದ್ದಲದಲ್ಲಿ ನಾನು ಅವರನ್ನು ನೋಡುತ್ತಿದ್ದ ರೀತಿಯಲ್ಲೇ ಅವರು ಬೇರೆಯವರನ್ನು ನೋಡುತ್ತಿದ್ದರು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದನ್ನು ತೆಗೆದದ್ದು ಮಾತ್ರ ಕೊಲ್ಹಾಪುರದ ಛತ್ರಪತಿ ಸಿನೆಟೋನಿನಲ್ಲಿ. ಬಿಜ್ಜರಗಿಗೆ ಬೆಂಗಳೂರಿಗಿಂತ ಕೊಲ್ಹಾಪುರವೇ ಹತ್ತಿರ. ನಮ್ಮ ಹಿರಿಯರು ಬೆಲ್ಲದ ವ್ಯಾಪಾರಕ್ಕೆ ಹೋಗುತ್ತಿದ್ದ ಊರು. ಆ ಚಿತ್ರದಲ್ಲಿ ಇಂದ್ರಜಿತುವಾದವರು ಸುಬ್ಬಯ್ಯ ನಾಯ್ಡು, ರಾವಣ ಆರ್. ನಾಗೇಂದ್ರರಾಯರು. ಇಬ್ಬರೂ ಕಂಪನಿ ನಾಟಕದವರು. ಸರಿಯಾಗಿ ನಲವತ್ತು ವರ್ಷಕ್ಕೆ, 1974ರಲ್ಲಿ, ‘ಭೂತಯ್ಯನ ಮಗ ಅಯ್ಯು’ ಪೆಟ್ಟಿಗೆ ನಮ್ಮಲ್ಲಿಗೆ ಬಂತು. ಅಯ್ಯು ಆಗಿದ್ದ ಲೋಕೇಶ್ ಇದೇ ಸುಬ್ಬಯ್ಯ ನಾಯ್ಡು ಅವರ ಮಗ. ಸಾಲ ಕೊಟ್ಟವನ ಮನೆತನಕ್ಕೂ ಊರಿಗೂ ಬೆಳೆದ ಹಗೆಯ ಕಥೆಯನ್ನು ಬರ ದಾಟಿ ಬಂದ ನಮ್ಮ ಜನ ಹೇಗೆ ನೋಡಿದರು ಎಂಬುದನ್ನು ಬರೆದರೆ ಅದೇ ಬೇರೆ ಲೇಖನ ಆದೀತು. ಲೋಕೇಶ್ ತಂದೆಯ ಹಾಗೆ ಎತ್ತಿದ ದನಿಯವರಲ್ಲ, ತಡೆದು ತಡೆದು ಆಡುವವರು. ಆ ತಡೆಯಲ್ಲಿ ಅಯ್ಯುವಿನ ಹಟ, ಭಯ ಎರಡೂ ಇರುತ್ತಿದ್ದವು.

ನಮ್ಮ ಜಿಲ್ಲೆಯ ಹೆಸರು ಈ ಇತಿಹಾಸದಲ್ಲಿ ಸೇರುವುದು ಅಮೀರ್‌ಬಾಯಿ ಕರ್ನಾಟಕಿಯವರಿಂದ. ಅವರ ಊರು ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅವರು ಹುಟ್ಟಿದಾಗ ವಿಜಾಪುರದ್ದು. ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರ ಕಂಪನಿ ಸೇರಿದರು. ತಂಗಿ ಮುಂಬೈಗೆ ಹೋಗಿ ನಟಿಸಿದರು, ಹಾಡಿದರು. 1943ರ ‘ಕಿಸ್ಮತ್’ ಚಿತ್ರದಲ್ಲಿ ಪರದೆಯ ಮೇಲೆ ಮುಮ್ತಾಜ್ ಶಾಂತಿ, ದನಿ ಅಮೀರ್‌ಬಾಯಿ. ನಟಿಯೇ ಹಾಡುವ ಕಾಲ ಮುಗಿಯುತ್ತ, ಒಬ್ಬರ ಉಸಿರಿಗೆ ಇನ್ನೊಬ್ಬರು ಮುಖ ಕೊಡುವ ಕಾಲ ಬರುತ್ತಿತ್ತು. ಆಕೆಯ ಹೆಸರಿನ ಅಮೀರ್ ಟಾಕೀಸು ವಿಜಾಪುರದಲ್ಲಿದೆ. ಆಕೆ ತೀರಿಕೊಂಡದ್ದು 1965ರಲ್ಲಿ, ಮಣ್ಣಾದದ್ದು ಇದೇ ಊರಿನಲ್ಲಿ. ರಹಮತ್ ತರೀಕೆರೆಯವರು ಆಕೆಯ ಬಗ್ಗೆ ಪುಸ್ತಕ ಬರೆಯುವವರೆಗೆ ನಮ್ಮವರಲ್ಲೇ ಎಷ್ಟೋ ಮಂದಿಗೆ ಅದು ಟಾಕೀಸಿನ ಹೆಸರು ಮಾತ್ರವಾಗಿತ್ತು. ನನಗೂ ಅಷ್ಟೇ.

ಕಲ್ಪನಾ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. 1971ರ ‘ಶರಪಂಜರ’ವನ್ನು ನಾನು ನೋಡಿದ್ದು ಮರುಬಿಡುಗಡೆಯಲ್ಲಿ, ಅಷ್ಟು ಹೊತ್ತಿಗೆ ಪ್ರಿಂಟಿನ ತುಂಬ ಗೀರು, ಮಳೆ ಸುರಿದಂತೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ. ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಎಲ್ಲರೂ ಹುಚ್ಚಿಯೆಂದೇ ನೋಡುತ್ತಾರೆ. ನಗಲು ಹೋಗಿ ನಗು ಹೆಚ್ಚಾಯಿತೇನೋ ಎಂದು ತನ್ನನ್ನೇ ತಡೆದುಕೊಳ್ಳುವ ಹೆಣ್ಣು. ಹೆಂಗಸರ ಬಾಲ್ಕನಿಯಲ್ಲಿ ಅಂಥ ಹೊತ್ತಿಗೆ ಎದ್ದ ನಿಟ್ಟುಸಿರು ಕ್ಯಾಬಿನ್ನಿಗೂ ಕೇಳಿಸಿತು, ಆ ಕಟಕಟದ ನಡುವೆಯೂ. 1979ರ ಮೇ ತಿಂಗಳಲ್ಲಿ ಕಲ್ಪನಾ ಸತ್ತ ಸುದ್ದಿ ಬಂದಾಗ ನಮಗೆ ಅದು ದೂರದ ಸುದ್ದಿಯಾಗಿರಲಿಲ್ಲ. ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ, ನಮ್ಮ ಸೀಮೆಯಲ್ಲೇ. ಆಗ ಆಕೆ ಗುಡಗೇರಿ ಬಸವರಾಜರ ಕಂಪನಿಯಲ್ಲಿ ನಾಟಕ ಆಡುತ್ತಿದ್ದರು. ನಟರು ಕಂಪನಿಯಿಂದ ಸಿನೆಮಾಕ್ಕೆ ಹೋದ ಹಾದಿಯಲ್ಲಿ ಆಕೆ ಎದುರು ದಿಕ್ಕಿಗೆ ನಡೆದುಬಂದಿದ್ದರು. ಆ ವಾರ ನಮ್ಮ ಟಾಕೀಸಿನಲ್ಲಿ ಓಡುತ್ತಿದ್ದ ಹಿಂದಿ ಚಿತ್ರದ ಹೆಸರು ನನಗೆ ನೆನಪಿಲ್ಲ. ರೀಲು ಸುತ್ತುವ ಕೋಣೆಯಲ್ಲಿ ಕೂತು, ನನಗೆ ಕೆಲಸ ಕಲಿಸಿದ ವಸ್ತಾದರು ಅತ್ತದ್ದು ನೆನಪಿದೆ.

ಗಡಿಯವರಾದ ನಮಗೆ ಮರಾಠಿ ಚಿತ್ರಗಳೂ ಮನೆಯವೇ. ವಿ. ಶಾಂತಾರಾಮರ ‘ಪಿಂಜರಾ’ದಲ್ಲಿ (1972) ಶ್ರೀರಾಮ ಲಾಗೂ ಮಾಸ್ತರರ ಪಾತ್ರ ಮಾಡಿದ್ದರು. ಬಿಗಿದ ಕತ್ತಿನ ಮಾಸ್ತರ ತಮಾಷಾದ ಹೆಣ್ಣಿನ ಹಿಂದೆ ಹೋಗಿ, ಕೊನೆಗೆ ಬೆನ್ನು ಬಾಗಿ ನಿಲ್ಲುವುದನ್ನು ಕತ್ತಿನಿಂದಲೇ ಆಡಿದರು. ಅವರೂ ನಾಟಕದವರೇ.

ಇನ್ನು ಚೋಮ. ಶಿವರಾಮ ಕಾರಂತರು ‘ಚೋಮನ ದುಡಿ’ ಬರೆದದ್ದು 1933ರಲ್ಲಿ, ಬಿ.ವಿ. ಕಾರಂತರು ಚಿತ್ರ ಮಾಡಿದ್ದು 1975ರಲ್ಲಿ. ಅದಕ್ಕೆ ಸ್ವರ್ಣಕಮಲ ಬಂತು, ಕಥೆಗೆ ಶಿವರಾಮ ಕಾರಂತರಿಗೆ ಪ್ರಶಸ್ತಿ ಬಂತು, ಚೋಮನಾಗಿದ್ದ ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರದ ಶ್ರೇಷ್ಠ ನಟ ಎಂಬ ಗೌರವ ಬಂತು. ಕನ್ನಡ ಚಿತ್ರದ ನಟನೊಬ್ಬನಿಗೆ ಅದು ದಕ್ಕಿದ್ದು ಮೊದಲ ಸಲ. ಆಮೇಲೆ ‘ತಬರನ ಕಥೆ’ಗೆ ಚಾರುಹಾಸನ್, ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಸಂಚಾರಿ ವಿಜಯ್ ಪಡೆದರು. ವಾಸುದೇವರಾವ್ ಕೂಡ ಹುಡುಗನಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. ಗುಬ್ಬಿಯ ಒಬ್ಬ ಹುಡುಗ ನಿರ್ದೇಶಕನಾಗಿ, ಇನ್ನೊಬ್ಬ ಹುಡುಗ ಮುದುಕನಾಗಿ, ಹಳೆಯ ಗರಡಿಯ ಅಬ್ಬರವನ್ನೆಲ್ಲ ಕೆಳಗಿಟ್ಟು ಮಾಡಿದ ಕೆಲಸ ಅದು. ಇದನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬುತ್ತದೆ.

ನಮ್ಮಲ್ಲಿ ಅದು ನಡೆದದ್ದು ಬೆಳಗಿನ ಆಟವಾಗಿ, ಎರಡೇ ಭಾನುವಾರ. ನಲವತ್ತು ಜನ ಇದ್ದಿರಬಹುದು. ಕಾಕಾನನ್ನು ಮತ್ತೆ ಕರೆಸಿದೆ. ನಮ್ಮ ಕಡೆ ದುಡಿ ಕಂಡವರಿಲ್ಲ, ಆ ಕಾಡು, ಆ ಮಳೆ ಕಂಡವರಿಲ್ಲ. ತುಂಡು ಭೂಮಿ ಉಳುವ ಆಸೆ ಮಾತ್ರ ಎಲ್ಲರಿಗೂ ಗೊತ್ತಿತ್ತು, ಮುಟ್ಟಬಾರದವನೆಂದು ದೂರ ನಿಲ್ಲಿಸುವುದೂ ಗೊತ್ತಿತ್ತು. ಕಡೆಯ ರೀಲಿನಲ್ಲಿ ಚೋಮ ಎತ್ತು ಬಿಟ್ಟು, ನೇಗಿಲು ಮುರಿದು, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾನೆ.

ಹೊರಗೆ ಬಂದ ಮೇಲೆ ನಾನು ಎಂದಿನಂತೆ ಕೇಳಿದೆ, “ಉಸರ ಎಣಿಸಿದ್ರೇನರಿ ಕಾಕಾ?”

“ಇಲ್ಲಪಾ. ಎಣಸಾಕ ಆಗಲಿಲ್ಲ. ಅಂವ ಬಾರಸಾಕತ್ತಿದ್ದಿಲ್ಲ, ಬಡಕೊಳ್ಳಾಕತ್ತಿದ್ದ.”

ಹಾಗಿದ್ದರೂ ಎರಡರಲ್ಲಿ ಯಾವುದು ಮೇಲು ಎಂದರೆ ಕಾಕಾ ಕಡೆಯವರೆಗೂ ಅಪ್ಪಣ್ಣನೆಂದೇ ಹೇಳಿದರು. ತಮ್ಮ ಕಸುಬನ್ನು ಅಷ್ಟು ದೊಡ್ಡ ಪರದೆಯ ಮೇಲೆ, ಅಷ್ಟು ದೊಡ್ಡ ನಟ, ಒಂದು ಉಸಿರೂ ತಪ್ಪದಂತೆ ಹಿಡಿದಿದ್ದ. ನಾನು ಚೋಮನ ಪಕ್ಷ. ಈ ವಾದ ನಮ್ಮಿಬ್ಬರ ನಡುವೆ ಬಸ್‌ಸ್ಟ್ಯಾಂಡಿನಲ್ಲಿ, ಮದುವೆಯ ಹಂದರದಲ್ಲಿ, ಅವರ ಕಟ್ಟೆಯ ಮೇಲೆ ಬಹಳ ವರ್ಷ ನಡೆಯಿತು. ಚೋಮನ ಎರಡನೆಯ ಭಾನುವಾರದ ಆಟ ಮುಗಿದು, ರೀಲಿನ ಬಾಲ ಮಷೀನು ದಾಟಿ, ಪರದೆ ಬೆಳ್ಳಗಾದಾಗ ನಾನು ಲೈಟಿನ ಗುಂಡಿ ಒತ್ತುವುದನ್ನು ಮರೆತಿದ್ದೆ. ಕೆಳಗೆ ಯಾರೂ ಎದ್ದಿರಲಿಲ್ಲ. ಕಡ್ಡಿ ಉರಿಯುತ್ತಲೇ ಇತ್ತು.