ಬಫರ್ ಅಂಡರ್‌ರನ್ ರಕ್ಷಣೆ

ಬಫರ್ ಅಂಡರ್‌ರನ್ ರಕ್ಷಣೆಯು ಸಿ.ಡಿ. ಬರೆಯುವಾಗ ಗಣಕದಿಂದ ಬರುವ ದತ್ತಾಂಶದ ಹರಿವು ನಡುವೆ ನಿಂತರೂ ಸಿ.ಡಿ. ಹಾಳಾಗದಂತೆ ತಡೆಯುವ ತಂತ್ರಜ್ಞಾನವಾಗಿದೆ. ಜಪಾನಿನ ಸ್ಯಾನ್ಯೊ ಸಂಸ್ಥೆಯು ರೂಪಿಸಿದ 'ಬರ್ನ್-ಪ್ರೂಫ್' 2000ದಲ್ಲಿ ಪ್ಲೆಕ್ಸ್‌ಟರ್ ಡ್ರೈವ್‌ಗಳ ಮೂಲಕ ಬಳಕೆಗೆ ಬಂದಿತು. ರಿಕೋ ಸಂಸ್ಥೆಯ 'ಜಸ್ಟ್‌ಲಿಂಕ್' ಇದೇ ಬಗೆಯದು.

ಹಿನ್ನೆಲೆ

ಸಿ.ಡಿ.ಯಲ್ಲಿ ದತ್ತಾಂಶವು ಒಳಗಿನಿಂದ ಹೊರಕ್ಕೆ ಸಾಗುವ ಒಂದೇ ಸುರುಳಿಯಾಕಾರದ ಪಥದಲ್ಲಿರುತ್ತದೆ. ಹಳೆಯ ಡ್ರೈವ್‌ಗಳಲ್ಲಿ ಲೇಸರ್ ಒಮ್ಮೆ ಬರೆಯತೊಡಗಿದರೆ ನಡುವೆ ನಿಲ್ಲುವಂತಿರಲಿಲ್ಲ. ಗಣಕ ತಡಮಾಡಿದಾಗ ಒದಗಲೆಂದು ಡ್ರೈವ್‌ನಲ್ಲಿ ಬಫರ್ ಎಂಬ ಸಣ್ಣ ಸ್ಮೃತಿಕೋಶವಿರುತ್ತಿತ್ತು. ಮೂಲವೇಗದಲ್ಲಿ ಸೆಕೆಂಡಿಗೆ 150 ಕಿಲೋಬೈಟ್ ಬೇಕಾಗುವುದರಿಂದ 2 ಮೆಗಾಬೈಟ್ ಬಫರ್ 13 ಸೆಕೆಂಡುಗಳಿಗೂ ಹೆಚ್ಚು ಕಾಲ ಸಾಕಾಗುತ್ತದೆ. 16 ಪಟ್ಟು ವೇಗದಲ್ಲಿ ಅದು ಒಂದು ಸೆಕೆಂಡಿನೊಳಗೇ ಬರಿದಾಗುತ್ತದೆ. ಆ ವೇಳೆಗೆ ಹಾರ್ಡ್ ಡಿಸ್ಕ್ ಬೇರೆ ಕೆಲಸದಲ್ಲಿ ತೊಡಗಿದ್ದರೆ ಸಿ.ಡಿ. ವ್ಯರ್ಥವಾಗುತ್ತಿತ್ತು. ಒಮ್ಮೆ ಮಾತ್ರ ಬರೆಯಬಹುದಾದ ಸಿಡಿ-ಆರ್‌ನಲ್ಲಿ ಇದು ಸರಿಪಡಿಸಲಾಗದ ನಷ್ಟ. ಹೀಗೆ ಕೆಟ್ಟವುಗಳಿಗೆ, ಲೋಟದ ಕೆಳಗಿಡಲಷ್ಟೇ ಯೋಗ್ಯವೆಂಬ ಅರ್ಥದಲ್ಲಿ, 'ಕೋಸ್ಟರ್' ಎಂಬ ಅಡ್ಡಹೆಸರೇ ಬಂದಿತ್ತು.

ಕಾರ್ಯವಿಧಾನ ಮತ್ತು ಇತಿಮಿತಿ

ಬಫರ್ ಬರಿದಾಗುವ ಮುನ್ನವೇ ಡ್ರೈವ್ ಬರವಣಿಗೆಯನ್ನು ನಿಲ್ಲಿಸಿ, ನಿಂತ ಸ್ಥಾನವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಬಫರ್ ತುಂಬಿದ ಮೇಲೆ ಈಗಾಗಲೇ ಬರೆದ ಭಾಗವನ್ನು ಓದುತ್ತ ಬಂದು, ಅದರ ಲಯಕ್ಕೆ ಹೊಂದಿಕೊಂಡು, ಅದೇ ಸ್ಥಾನದಿಂದ ಲೇಸರನ್ನು ಮತ್ತೆ ಹೊತ್ತಿಸುತ್ತದೆ. ಈ ಬೆಸುಗೆ ಪರಿಪೂರ್ಣವಲ್ಲ. ಅಲ್ಲಿ ಮೈಕ್ರೋಮೀಟರ್‌ಗಳಷ್ಟು ಅಂತರ ಉಳಿಯುತ್ತದೆ. ಸಿ.ಡಿ.ಯ ದೋಷನಿವಾರಣಾ ಸಂಕೇತವು ಪಥದಲ್ಲಿ ಸುಮಾರು 2.5 ಮಿಲಿಮೀಟರ್ ಉದ್ದದ ದೋಷವನ್ನೂ ಪೂರ್ಣವಾಗಿ ಸರಿಪಡಿಸಬಲ್ಲದಾದ್ದರಿಂದ ಸಾಮಾನ್ಯ ಬಳಕೆಯಲ್ಲಿ ಈ ಅಂತರ ಗಮನಕ್ಕೇ ಬರುವುದಿಲ್ಲ.

ಆದರೆ ಗೀರು ಮತ್ತು ಧೂಳಿನಿಂದಾಗುವ ದೋಷಗಳನ್ನು ಸರಿಪಡಿಸಬೇಕಾದುದೂ ಇದೇ ಸಂಕೇತ. ಬೆಸುಗೆಯ ಜಾಗದಲ್ಲೇ ಗೀರು ಬಿದ್ದರೆ ಆ ಸಾಮರ್ಥ್ಯದ ಒಂದು ಪಾಲು ಮೊದಲೇ ವ್ಯಯವಾಗಿರುತ್ತದೆ. ಈ ಕಾರಣದಿಂದಲೇ ಕಾರ್ಖಾನೆಗೆ ಕಳುಹಿಸುವ ಸಂಗೀತದ ಮೂಲಪ್ರತಿಗಳನ್ನು ಕಡಿಮೆ ವೇಗದಲ್ಲಿ, ಎಡೆಬಿಡದೆ ಒಂದೇ ಸಲಕ್ಕೆ ಬರೆಯುವುದು ಲೇಸೆಂದು ಭಾವಿಸಲಾಗುತ್ತದೆ. ಸೀಡಿರೆಕಾರ್ಡ್ ತಂತ್ರಾಂಶವಂತೂ ಡ್ರೈವ್‌ನ ಸ್ವಂತ ಆಯ್ಕೆಯನ್ನೂ ಲೆಕ್ಕಿಸದೆ, ಬಳಕೆದಾರರು ಕೇಳಿದ ಹೊರತು ಈ ರಕ್ಷಣೆಯನ್ನು ಬಹುಕಾಲ ನಿಷ್ಕ್ರಿಯವಾಗಿಯೇ ಇಡುತ್ತಿತ್ತು.

ಇನ್ನೊಂದು ತೊಡಕು ಅಷ್ಟು ಸುಲಭವಾಗಿ ಕಾಣುವಂಥದ್ದಲ್ಲ. ಗಣಕದ ನಿಧಾನಗತಿಯನ್ನು ರಕ್ಷಣೆ ಮರೆಮಾಡುತ್ತದೆಯೇ ಹೊರತು ನಿವಾರಿಸುವುದಿಲ್ಲ. ಪದೇ ಪದೇ ನಿಂತು ಹೊರಡುವ ಡ್ರೈವ್, ಹೆಚ್ಚಿನ ವೇಗವನ್ನು ಆಯ್ದುಕೊಂಡಿದ್ದರೂ, ಕಡಿಮೆ ವೇಗದಲ್ಲಿ ಎಡೆಬಿಡದೆ ಬರೆಯುವುದಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳಬಹುದು, ಬೆಸುಗೆಗಳೂ ಹೆಚ್ಚುತ್ತವೆ.

ಹೊರವಲಯದತ್ತ ಸಾಗಿದಂತೆ ವೇಗವನ್ನು ಹಂತಹಂತವಾಗಿ ಏರಿಸುವ ಡ್ರೈವ್‌ಗಳು ಪ್ರತಿ ಹಂತದಲ್ಲೂ ಇದೇ ಬೆಸುಗೆಯನ್ನು ಉದ್ದೇಶಪೂರ್ವಕವಾಗಿ ಬಳಸುತ್ತವೆ. ಅಂಥವುಗಳಲ್ಲಿ ಬೆಸುಗೆಯಿಲ್ಲದ ಸಿ.ಡಿ. ಬೇಕಾದರೆ ಮೊದಲ ಹಂತದ ವೇಗವನ್ನೇ ಆಯ್ದುಕೊಳ್ಳಬೇಕಾಗುತ್ತದೆ.