ಕಲೆ ತೆಗೆಯುವ ಕಲೆ

ಕನ್ನಡದಲ್ಲಿ ‘ಕಲೆ’ ಎಂಬ ಎರಡಕ್ಷರದ ಮಾತಿಗೆ ಎರಡು ಅರ್ಥಗಳುಂಟು. ಒಂದು ಸಂಗೀತ, ಚಿತ್ರ, ನೃತ್ಯಗಳಿಗೆ ಸಲ್ಲತಕ್ಕದ್ದು. ಇನ್ನೊಂದು ಊಟದ ಪಂಕ್ತಿಯಲ್ಲಿ ಬಿಳಿಯ ಪಂಚೆಯ ಮೇಲೆ ಬಿದ್ದು, ಎಷ್ಟು ಒಗೆದರೂ ಹೋಗೆನೆಂದು ಹಟ ಹಿಡಿಯತಕ್ಕದ್ದು. ಮೊದಲನೆಯದರ ಚರಿತ್ರೆಯನ್ನು ಬರೆದ ಪಂಡಿತರು ಬಹುಮಂದಿ. ಎರಡನೆಯದನ್ನು ತೆಗೆಯುವ ವಿದ್ಯೆಗೂ ಒಂದು ಚರಿತ್ರೆಯಿದೆ. ಅದನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ. ಈ ವಿದ್ಯೆ ‘ಕಲೆ’ ಎಂಬ ಹೆಸರಿಗೆ ಅರ್ಹವೇ ಎಂದು ಸಂದೇಹಪಡುವವರು ಶುಕ್ರನೀತಿಸಾರವನ್ನು ನೋಡಬಹುದು. ಅದರ ಅರವತ್ತನಾಲ್ಕು ಕಲೆಗಳ ಎಣಿಕೆಯಲ್ಲಿ ಬಟ್ಟೆ ಒಗೆಯುವುದಕ್ಕೂ ಸ್ಥಾನವುಂಟು.

ಇದಕ್ಕಿಂತ ಹಳೆಯ ಸಾಕ್ಷ್ಯ ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿದೆ. ರೇಷ್ಮೆಗೂ ಉಣ್ಣೆಗೂ ಚೌಳು ಮಣ್ಣು, ಕಂಬಳಿಗೆ ಅಂಟುವಾಳ, ನವುರಾದ ಪಟ್ಟೆವಸ್ತ್ರಕ್ಕೆ ಬಿಲ್ವದ ಕಾಯಿ, ನಾರುಬಟ್ಟೆಗೆ ಬಿಳಿಯ ಸಾಸಿವೆ ಎಂದು ಅಲ್ಲಿ ವಿಧಿಸಿದೆ. ಗ್ರಂಥಕರ್ತನ ಗಮನವಿದ್ದದ್ದು ಶುದ್ಧಿಯ ಮೇಲೆ. ಆದರೆ ಒಂದೊಂದು ಬಟ್ಟೆಗೆ ಒಂದೊಂದು ಮದ್ದು ಎಂಬ ವಿವೇಕ ಶಾಸ್ತ್ರಚಿಂತನೆಯಿಂದ ಹುಟ್ಟುವಂಥದಲ್ಲ. ಹಳ್ಳದ ದಂಡೆಯಲ್ಲಿ, ಬಚ್ಚಲ ಕಲ್ಲಿನ ಮೇಲೆ, ತಲೆಮಾರುಗಳ ಕಾಲ ಬಟ್ಟೆ ಹಿಂಡಿದ ಕೈಗಳಿಂದ ಹುಟ್ಟತಕ್ಕದ್ದು. ಚೌಳು ಮಣ್ಣಿನಲ್ಲಿರುವ ಸೋಡಾ ಜಿಡ್ಡನ್ನು ಸಡಿಲಿಸುತ್ತದೆ. ಅಂಟುವಾಳದ ನೊರೆಯಲ್ಲಿರುವ ಸಪೋನಿನ್ ಎಂಬ ದ್ರವ್ಯ ಅದೇ ಕೆಲಸವನ್ನು ಮೃದುವಾಗಿ ಮಾಡುತ್ತದೆ.

ನಮ್ಮ ಅಡಿಗೆಮನೆಯ ಕಲೆಗಳಲ್ಲೆಲ್ಲ ಅರಿಶಿನದ್ದೇ ಅಗ್ರಸ್ಥಾನ. ಹುಳಿ, ಸಾರು, ತೊವ್ವೆಗಳ ಹಳದಿ ಬಣ್ಣ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಒಗ್ಗರಣೆಯ ಎಣ್ಣೆಯನ್ನು ವಾಹನ ಮಾಡಿಕೊಂಡು ಅದು ನೂಲಿನ ಒಳಗೆ ಇಳಿಯುತ್ತದೆ. ಅವಸರದಲ್ಲಿ ಸಾಬೂನು ತಿಕ್ಕಿದರೆ ಹಳದಿ ಹೋಗಿ ಕೆಂಪು ಮೂಡುತ್ತದೆ, ತಿಕ್ಕಿದವರಿಗೆ ದಿಗಿಲಾಗುತ್ತದೆ. ಅರಿಶಿನಕ್ಕೆ ಸುಣ್ಣ ಕದಡಿ ಆರತಿಯ ಕೆಂಪು ನೀರು ಮಾಡುವ ಮನೆಗಳಲ್ಲಿ ಇದು ಹೊಸ ಸಂಗತಿಯೇನೂ ಅಲ್ಲ. ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುತ್ತದೆ, ನಿಂಬೆಯ ಹುಳಿ ತಗುಲಿದರೆ ಮತ್ತೆ ಹಳದಿಯಾಗುತ್ತದೆ.

1815ರಲ್ಲಿ ವೋಗೆಲ್ ಮತ್ತು ಪೆಲ್ತಿಯೆ ಎಂಬ ರಸಾಯನಜ್ಞರು ಈ ಬಣ್ಣದ ದ್ರವ್ಯವನ್ನು ಬೇರ್ಪಡಿಸಿ ಅದಕ್ಕೆ ಕುರ್ಕುಮಿನ್ ಎಂದು ಹೆಸರಿಟ್ಟರು. ಅದರ ಅಣುರಚನೆ ತಿಳಿದದ್ದು 1910ರಲ್ಲಿ. ಆ ದ್ರವ್ಯ ಬೆಳಕಿಗೆ ಒಡೆದುಹೋಗುತ್ತದೆಂಬುದು ಇಂದು ವಿಜ್ಞಾನ ಬಲ್ಲ ವಿಷಯ. ನಮ್ಮ ಅಜ್ಜಿಯರು ಅಣುವನ್ನು ಅರಿಯದೆಯೇ ಅದರ ಗುಣವನ್ನು ಅರಿತಿದ್ದರು. ಮೊದಲು ಕಡಲೆಹಿಟ್ಟನ್ನೋ ಸೀಗೆಪುಡಿಯನ್ನೋ ಹಚ್ಚಿ ಜಿಡ್ಡು ತೆಗೆಯುವುದು, ಆಮೇಲೆ ಒಗೆದ ಹಸಿಬಟ್ಟೆಯನ್ನು ಬಿಸಿಲಿಗೆ ಹರಡುವುದು. ಒಂದೆರಡು ದಿನಗಳಲ್ಲಿ ಬಿಳಿಯ ಹತ್ತಿಬಟ್ಟೆ ಬಿಳುಪಿಗೆ ಮರಳುತ್ತಿತ್ತು. ಹಾಲಿನ ಕಲೆಗೆ ಬಿಸಿನೀರು ಕೂಡದು, ತಣ್ಣೀರೇ ಸರಿ ಎಂಬುದೂ ಅವರ ಮಾತೇ. ಬಿಸಿ ತಾಕಿದರೆ ಹಾಲಿನ ಸಾರಾಂಶ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ.

ಸೂರ್ಯನ ಉಪಕಾರ ನಮಗೆ ಮಾತ್ರ ಸಂದದ್ದಲ್ಲ. ಹದಿನೇಳನೆಯ ಶತಮಾನದ ಹಾಲೆಂಡಿನಲ್ಲಿ ಹಾರ್ಲೆಮ್ ಪಟ್ಟಣದ ಸುತ್ತ ಬಟ್ಟೆ ಬಿಳಿಚುವ ಬಯಲುಗಳಿದ್ದವು. ನಾರುಬಟ್ಟೆಯನ್ನು ಬೂದಿಯ ಕ್ಷಾರದಲ್ಲಿ ಬೇಯಿಸಿ, ಮಜ್ಜಿಗೆಯಲ್ಲಿ ನೆನೆಸಿ, ಹುಲ್ಲಿನ ಮೇಲೆ ತಿಂಗಳುಗಟ್ಟಲೆ ಹಾಸುತ್ತಿದ್ದರು. ಮಜ್ಜಿಗೆಯ ಬದಲು ತಿಳಿಯಾದ ಗಂಧಕಾಮ್ಲ ಸಾಕೆಂದು ಸ್ಕಾಟ್ಲೆಂಡಿನ ಫ್ರಾನ್ಸಿಸ್ ಹೋಮ್ 1756ರಲ್ಲಿ ತೋರಿಸಿದನು. 1774ರಲ್ಲಿ ಶೀಲೆ ಕ್ಲೋರಿನ್ ಅನಿಲವನ್ನು ಕಂಡನು. 1799ರಲ್ಲಿ ಚಾರ್ಲ್ಸ್ ಟೆನೆಂಟ್ ಬ್ಲೀಚಿಂಗ್ ಪುಡಿಗೆ ಹಕ್ಕುಪತ್ರ ಪಡೆದನು. ತಿಂಗಳುಗಳ ಕೆಲಸ ದಿನಗಳಿಗೆ ಇಳಿಯಿತು.

ಮುಂದಿನ ಕಥೆ ಸಾಬೂನಿನದು. 1888ರಲ್ಲಿ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಇಂಗ್ಲೆಂಡಿನಿಂದ ಕಲ್ಕತ್ತೆಯ ಬಂದರಿಗೆ ಬಂದವು. 1916ರಲ್ಲಿ ಮೈಸೂರು ಸಂಸ್ಥಾನವೇ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯನ್ನು ತೆರೆಯಿತು. 1959ರಲ್ಲಿ ಸರ್ಫ್, 1969ರಲ್ಲಿ ಕರ್ಸನ್‌ಭಾಯಿ ಪಟೇಲರ ನಿರ್ಮಾ ಬಂದಮೇಲೆ ಪುಡಿಯ ಪೊಟ್ಟಣಗಳು ಮನೆಮನೆಯನ್ನು ಹೊಕ್ಕವು. ಅವು ಹೆಂಗಸರ ರಟ್ಟೆಗೆ ಕೊಟ್ಟ ವಿಶ್ರಾಂತಿಯನ್ನು ನಾನು ಅಲ್ಲಗಳೆಯಲಾರೆ. ಆದರೆ ಎಲ್ಲ ಬಟ್ಟೆಗೂ ಎಲ್ಲ ಕಲೆಗೂ ಒಂದೇ ಪುಡಿ ಎಂದಾದಾಗ, ಯಾವ ಕಲೆಯ ಸ್ವಭಾವ ಏನೆಂದು ವಿಚಾರಿಸುವ ಅಭ್ಯಾಸ ತಪ್ಪಿತು.

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೊಂದಿದೆ. ಒಗೆದು ಶುಭ್ರವಾದ ಬಟ್ಟೆಗೆ ನಾವು ‘ಮಡಿ’ ಎಂದೆವು. ಅದನ್ನು ಮಡಿ ಮಾಡುವವನಿಗೆ ‘ಮಡಿವಾಳ’ ಎಂದೆವು. ಹೀಗೆ ಹೆಸರಿನಲ್ಲೇ ಮಡಿಯನ್ನು ಹೊತ್ತವನು ಮುಟ್ಟಿದ ಬಟ್ಟೆಯನ್ನು, ಮೈಲಿಗೆಯಾಯಿತೆಂದು, ಆಚಾರವಂತರು ಮತ್ತೊಮ್ಮೆ ನೀರಿಗದ್ದಿ ಉಟ್ಟರು. ಉಬ್ಬೆಯ ಹಬೆಯಲ್ಲಿ ಬೆಂದು ಊರಿನ ಕಲೆಯನ್ನೆಲ್ಲ ತೆಗೆದವನಿಗೇ ಕಳಂಕ ಅಂಟಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ಬಟ್ಟೆ ಒಗೆಯುತ್ತಿದ್ದ ಮಡಿವಾಳ ಮಾಚಯ್ಯ ‘ಕಲಿದೇವರದೇವ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿ, ಆ ಕಾಯಕಕ್ಕೆ ತಲೆಯೆತ್ತಿ ನಿಲ್ಲುವ ಗೌರವವನ್ನು ತಂದನು. ಆದರೂ ಅವನ ಕಸುಬಿನವರ ತಿಳಿವಳಿಕೆಯನ್ನು ವಿದ್ಯೆಯೆಂದು ಕರೆಯಲು ಅಕ್ಷರಸ್ಥರು ಮನಸ್ಸು ಮಾಡಲಿಲ್ಲ. ಮನೆಯ ಹೆಂಗಸರ ತಿಳಿವಳಿಕೆಗೂ ಅದೇ ಗತಿಯಾಯಿತು.

ಚೌಳು, ಉಬ್ಬೆ, ಅಂಟುವಾಳ ಎಂಬ ಮಾತುಗಳನ್ನು ಕೇಳಿದರೆ ಅರ್ಥವಾಗದ ಮಕ್ಕಳು ನಮ್ಮ ಪಟ್ಟಣಗಳಲ್ಲಿ ಬೆಳೆಯುತ್ತಿದ್ದಾರೆ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಇವುಗಳನ್ನು ಬಲ್ಲ ಹಿರಿಯರು ಇನ್ನೂ ಇದ್ದರೆ, ಯಾವ ಕಲೆಗೆ ಏನು ಹಚ್ಚುತ್ತಿದ್ದರು, ಎಷ್ಟು ಹೊತ್ತು ನೆನೆಸುತ್ತಿದ್ದರು, ಯಾವ ಬಿಸಿಲಿಗೆ ಹರಡುತ್ತಿದ್ದರು ಎಂದು ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಹೇಳಿದವರ ಹೆಸರನ್ನೂ ಜೊತೆಯಲ್ಲಿ ಬರೆಯಿರಿ.