ಆಟದಲ್ಲಿ ಮುಂದಿರುವ ಮಗು ಓದು ಬಿಡಬೇಕೇ?

‘ಸಚಿನ್‌ಗೆ ಡಿಗ್ರಿ ಇಲ್ಲ, ನಿಮ್ಮ ಮಗನಿಗೂ ಬೇಡ’ ಎಂಬಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಅರ್ಧ ಸತ್ಯ ಅಷ್ಟೇ. 1990ರಲ್ಲಿ, 19ನೇ ವಯಸ್ಸಿಗೆ ಮೊದಲ ಟೆಸ್ಟ್ ಆಡಿದಾಗ ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿ. ಆಮೇಲೆ ಮೆಕ್ಯಾನಿಕಲ್ ಪದವಿಯನ್ನೂ ಮುಗಿಸಿದರು.

ಹನ್ನೆರಡರ ಮಗು ಎಲ್ಲರನ್ನೂ ಸೋಲಿಸುತ್ತಿದ್ದರೆ ಅದಕ್ಕೆ ಎಷ್ಟೋ ಸಲ ಕಾರಣ ಬೇಗ ಬೆಳೆದ ಮೈ. ಉಳಿದವರೂ ಬೆಳೆದ ಮೇಲೆ ಆ ಅಂತರ ಕರಗುತ್ತದೆ. ಹೆಚ್ಚಿನ ಆಟಗಳಲ್ಲಿ 15-16 ವರ್ಷದವರೆಗೆ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ಅತಿಯಾದ ಅಭ್ಯಾಸದಿಂದ ಗಾಯ, ಜೊತೆಗೆ ಆಟವೇ ಸಾಕೆನಿಸುವಷ್ಟು ಬೇಸರ!

ಬೋರ್ಡ್ ಪರೀಕ್ಷೆಯ ದಿನವೇ ರಾಷ್ಟ್ರಮಟ್ಟದ ಪಂದ್ಯವಿದ್ದರೆ? ಇಂಥವರಿಗೆ ಸಿಬಿಎಸ್‌ಇ ಪ್ರತ್ಯೇಕ ಪರೀಕ್ಷೆ ನಡೆಸಿದ ಉದಾಹರಣೆಗಳಿವೆ. ಈ ವರ್ಷದ ನಿಯಮವನ್ನು ಶಾಲೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.